ಮೈಸೂರಿನ ಹೆಸರು ಹೊತ್ತ ಸ್ಪಿಟ್‌ಫೈರ್: 1/72 ಮಾಡೆಲ್ ಜೋಡಿಸಿ ಬಣ್ಣ ಹಚ್ಚುವ ಸಮಗ್ರ ಮಾರ್ಗದರ್ಶಿ

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ಮೈಸೂರಿನ ಹೆಸರಿನ ಒಂದು ತುಕಡಿ ಇತ್ತು. ಅದು 129ನೇ ಮೈಸೂರು ಸ್ಕ್ವಾಡ್ರನ್. ಮೈಸೂರು ಸಂಸ್ಥಾನ ಕೊಟ್ಟ ದೇಣಿಗೆಯ ನೆನಪಿಗೆ ಇಟ್ಟ ಹೆಸರು. 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಇದು ಶುರುವಾಯಿತು. ಹಾರಿಸಿದ್ದು ಸ್ಪಿಟ್‌ಫೈರ್ ಯುದ್ಧವಿಮಾನ. ಲಾಂಛನದಲ್ಲಿದ್ದ ಹಕ್ಕಿ ನಮ್ಮ ಗಂಡಭೇರುಂಡ.

ಇದು ಗೊತ್ತಾದ ದಿನ ನಾನು ಮಾಡೆಲ್ ಮಾಡುವ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಡಬ್ಬಿಯ ಮೇಲಿನ ಚಿತ್ರ ನೋಡಿ ಹಾಗೇ ಮಾಡುತ್ತಿದ್ದೆ. ಆಮೇಲೆ ಒಂದು ಗೊತ್ತಾದ ತುಕಡಿಯ, ಒಂದು ಗೊತ್ತಾದ ತಿಂಗಳ ವಿಮಾನ ಮಾಡಬೇಕು ಅನ್ನಿಸಿತು. ಈ ಬರಹದಲ್ಲಿ ಅದನ್ನೇ ಮಾಡೋಣ: 1942ರ ಆಗಸ್ಟ್‌ನಲ್ಲಿ ಇದ್ದಂಥ, ಮೈಸೂರು ಸ್ಕ್ವಾಡ್ರನ್ನಿನ ಸ್ಪಿಟ್‌ಫೈರ್, ಅದರ ಮಾರ್ಕ್ 5ಬಿ ಎಂಬ ಮಾದರಿ. ಆ ತಿಂಗಳ 19ರಂದು ಫ್ರಾನ್ಸಿನ ದಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಈ ತುಕಡಿಯೂ ಹಾರಿತ್ತು.

ತಿಂಗಳು ಯಾಕೆ ಮುಖ್ಯ ಅಂದರೆ, ಬಣ್ಣ ಅದರ ಮೇಲೆ ನಿಂತಿದೆ. 1941ರ ಆಗಸ್ಟ್‌ವರೆಗೆ ಬ್ರಿಟಿಷ್ ಯುದ್ಧವಿಮಾನಗಳ ಮೇಲ್ಮೈ ಹಸಿರು ಮತ್ತು ಮಣ್ಣಿನ ಬಣ್ಣ. ಇಂಗ್ಲೆಂಡಿನ ಹೊಲಗಳ ಮೇಲೆ ಕಾದಾಡುವಾಗ ಅದು ಸರಿ. ಕಾದಾಟ ಇಂಗ್ಲಿಷ್ ಕಾಲುವೆಯ ನೀರಿನ ಮೇಲೆ, ಇನ್ನೂ ಎತ್ತರಕ್ಕೆ ಹೋದಾಗ ಮಣ್ಣಿನ ಬಣ್ಣದ ಜಾಗಕ್ಕೆ ಬೂದು ಬಂತು. ರೆಕ್ಕೆ ಮತ್ತು ಮೈ ಮೇಲಿನ, ಯಾವ ದೇಶದ ವಿಮಾನ ಅಂತ ಹೇಳುವ ಬಣ್ಣದ ವೃತ್ತಗಳೂ 1942ರ ಮೇ ತಿಂಗಳಿಂದ ಬದಲಾಗತೊಡಗಿದವು. ಬಿಳಿ ಮತ್ತು ಹಳದಿ ಉಂಗುರ ದೂರಕ್ಕೆ ಎದ್ದು ಕಾಣುತ್ತವೆ ಅಂತ ಅವನ್ನು ತೆಳುವಾಗಿಸಿದರು. ಹೀಗಾಗಿ ನಮ್ಮ ಮಾಡೆಲ್‌ಗೆ ಹಸಿರು, ಬೂದು ಮತ್ತು ತೆಳು ಉಂಗುರದ ವೃತ್ತ.

ಕಿಟ್ ಮತ್ತು ಸಾಮಾನು

ನನ್ನ ಆಯ್ಕೆ ಟಾಮಿಯಾ ಕಂಪನಿಯ 1/72 ಸ್ಪಿಟ್‌ಫೈರ್ ಮಾರ್ಕ್ 5ಬಿ. ಭಾಗಗಳು ಒಂದಕ್ಕೊಂದು ಚೆನ್ನಾಗಿ ಕೂರುತ್ತವೆ. ಮೊದಲ ಸಲ ಮಾಡುವವರಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. 1/72 ಅಂದರೆ ನಿಜ ವಿಮಾನದ 72 ಮಿಲಿಮೀಟರ್ ಇಲ್ಲಿ 1 ಮಿಲಿಮೀಟರ್. ಸ್ಪಿಟ್‌ಫೈರ್‌ನ ರೆಕ್ಕೆಯಗಲ 11.23 ಮೀಟರ್, ಉದ್ದ 9.12 ಮೀಟರ್. ಮಾಡೆಲ್ 156 ಮಿ.ಮೀ. ಅಗಲ, ಸುಮಾರು 127 ಮಿ.ಮೀ. ಉದ್ದ ಬರುತ್ತದೆ. ಅಂಗೈ ತುಂಬುತ್ತದೆ, ಅಷ್ಟೇ. ಕಣ್ಣಿಗೆ ಕಷ್ಟ ಅನ್ನಿಸುವವರು 1/48ಕ್ಕೆ ಹೋಗಿ, ವಿಧಾನ ಎಲ್ಲ ಒಂದೇ.

ಈ ಕಿಟ್‌ನಲ್ಲಿ ಮರುಭೂಮಿಯ ಧೂಳು ತಡೆಯುವ ಫಿಲ್ಟರ್ ಇರುವ ಮೂಗೂ ಬರುತ್ತದೆ. ಗದ್ದದ ಕೆಳಗೆ ದಪ್ಪಗೆ ಇಳಿಬಿದ್ದ ಭಾಗ ಅದು. ಇಂಗ್ಲೆಂಡಿನ ವಿಮಾನಕ್ಕೆ ಅದು ಬೇಡ. ಈಗಲೇ ಅದನ್ನು ತೆಗೆದು ಬೇರೆ ಇಟ್ಟುಬಿಡಿ.

ಪರಿಕರಕ್ಕೆ ಜಾಸ್ತಿ ಖರ್ಚು ಮಾಡಬೇಡಿ. ಒಳ್ಳೆಯ ನಿಪ್ಪರ್ (ಭಾಗ ಕತ್ತರಿಸುವ ಇಕ್ಕಳ), ಚೂಪಾದ ಹಾಬಿ ಚಾಕು, ಒಂದು ಚಿಮಟ, ಟಾಮಿಯಾ ಎಕ್ಸ್‌ಟ್ರಾ ಥಿನ್ ಸಿಮೆಂಟ್, ಸ್ವಲ್ಪ ಪುಟ್ಟಿ. ಸ್ಯಾಂಡ್ ಪೇಪರನ್ನು ಹಾಬಿ ಅಂಗಡಿಯಲ್ಲಿ ದುಬಾರಿ ಕೊಟ್ಟು ತರಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್ 400, 800, 1200, 2000 ನಂಬರ್ ಸಾಕು. ಉಗುರು ಪಾಲಿಶ್ ಮಾಡುವ ಬಫರ್ ಪಟ್ಟಿ ಫ್ಯಾನ್ಸಿ ಸ್ಟೋರ್‌ನಲ್ಲಿ ಸಿಗುತ್ತದೆ, ಕೊನೆಯ ನಯಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಬ್ಲೂ ಟ್ಯಾಕ್ (ಗೋಡೆಗೆ ಚಿತ್ರ ಅಂಟಿಸುವ ಮೆತ್ತನೆ ಅಂಟು), ಕಿವಿಗೆ ಹಾಕುವ ಬಡ್ಸ್, ಟೂತ್‌ಪಿಕ್, ಬಟ್ಟೆ ಕ್ಲಿಪ್ ಮನೆಯಲ್ಲೇ ಇರುತ್ತವೆ.

ಬಣ್ಣಗಳು ಇವು. ಟಾಮಿಯಾ ಅಕ್ರಿಲಿಕ್‌ನಲ್ಲಿ ಡಾರ್ಕ್ ಗ್ರೀನ್‌ಗೆ ಎಕ್ಸ್‌ಎಫ್-81, ಓಷನ್ ಗ್ರೇಗೆ ಎಕ್ಸ್‌ಎಫ್-82, ಹೊಟ್ಟೆಯ ಮೀಡಿಯಂ ಸೀ ಗ್ರೇಗೆ ಎಕ್ಸ್‌ಎಫ್-83, ಬಾಲದ ಪಟ್ಟಿಗೆ ಸ್ಕೈ ಅನ್ನುವ ತಿಳಿ ಹಸಿರು ಛಾಯೆ, ಎಕ್ಸ್‌ಎಫ್-21. ಹಂಬ್ರೋಲ್ ಎನಾಮಲ್ ಬಳಸುವವರಿಗೆ ಅದೇ ಕ್ರಮದಲ್ಲಿ 163, 106, 165, 90. ಪೈಲಟ್ ಕೂರುವ ಕಾಕ್‌ಪಿಟ್ ಒಳಗಿನ ಬೂದು ಹಸಿರಿಗೆ ಹಂಬ್ರೋಲ್ 78.

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇಲ್ಲ ಅಂತ ಯಾರೂ ಹಿಂಜರಿಯಬೇಡಿ. ಆದರೆ ಒಂದು ಮಾತು. ಟಾಮಿಯಾ ಅಕ್ರಿಲಿಕ್ ಕೈಬ್ರಷ್‌ಗೆ ಒಗ್ಗುವುದಿಲ್ಲ. ಎರಡನೇ ಕೋಟ್ ಹಚ್ಚುವಾಗ ಮೊದಲನೆಯದು ಎದ್ದು ಬರುತ್ತದೆ. ಕೈಯಲ್ಲಿ ಹಚ್ಚುವವರು ವಲ್ಲೆಹೊ ಅಥವಾ ಹಂಬ್ರೋಲ್ ಕಂಪನಿಯ ಬಣ್ಣ ತಗೊಳ್ಳಿ.

ತೊಳೆಯುವುದು, ಬಿಡಿಸುವುದು

ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆಯ ಅಂಶ ಪ್ಲಾಸ್ಟಿಕ್ ಮೇಲೆ ಉಳಿದಿರುತ್ತದೆ. ಬಣ್ಣ ಅದರ ಮೇಲೆ ನಿಲ್ಲುವುದಿಲ್ಲ. ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟುಗಳನ್ನು ಹಾಗೇ ಬೆಚ್ಚಗಿನ ನೀರಿನಲ್ಲಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಹಳೆಯ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ನೀರು ತೀರಾ ಬಿಸಿ ಇರಬಾರದು, ರೆಕ್ಕೆ ಸೊಟ್ಟಗಾಗುತ್ತದೆ. ಸಿಂಕ್‌ಗೆ ಒಂದು ಜರಡಿ ಇಟ್ಟುಕೊಳ್ಳಿ. ಕಳಚಿದ ಚಿಕ್ಕ ಭಾಗ ಮೋರಿ ಪಾಲಾದರೆ ಮತ್ತೆ ಸಿಗಲ್ಲ.

ಭಾಗಗಳನ್ನು ಒಂದೇ ಏಟಿಗೆ ಕತ್ತರಿಸಬೇಡಿ. ಮೊದಲು ಭಾಗದಿಂದ 2 ಮಿ.ಮೀ. ದೂರದಲ್ಲಿ ನಿಪ್ಪರ್ ಹಾಕಿ. ಉಳಿದ ಗುಬುಟನ್ನು ಚಾಕುವಿನಿಂದ ಸವರಿ, ಆಮೇಲೆ 800 ನಂಬರ್ ಪೇಪರ್‌ನಿಂದ ನಯ ಮಾಡಿ. ಅಂಟಿಸುವ ಮುಂಚೆ ಪ್ರತಿ ಜೋಡಿಯನ್ನೂ ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡಿ. ಇದನ್ನು ಬಿಟ್ಟವರೆಲ್ಲ ಆಮೇಲೆ ಪುಟ್ಟಿ ಉಜ್ಜುತ್ತಾ ಕೂತಿದ್ದಾರೆ, ನಾನೂ ಕೂತಿದ್ದೇನೆ.

ಕಾಕ್‌ಪಿಟ್

ಕ್ಯಾನೊಪಿ, ಅಂದರೆ ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳ, ಮುಚ್ಚಿದರೆ ಒಳಗಿನದು ಅರ್ಧವೂ ಕಾಣುವುದಿಲ್ಲ. ಆದರೂ ಎರಡು ವಿಷಯ ಸರಿ ಇದ್ದರೆ ಇಡೀ ಮಾಡೆಲ್‌ಗೆ ಜೀವ ಬರುತ್ತದೆ. ಒಂದು ಸೀಟು, ಇನ್ನೊಂದು ಬೆಲ್ಟ್.

ಆ ಕಾಲದ ಬಹಳಷ್ಟು ಸ್ಪಿಟ್‌ಫೈರ್‌ಗಳ ಸೀಟು ಲೋಹದ್ದಲ್ಲ. ರಾಳದಲ್ಲಿ ಅದ್ದಿ ಗಟ್ಟಿ ಮಾಡಿದ ಹಲಗೆಯಂಥ ವಸ್ತುವಿನದು. ಬಣ್ಣ ಇಟ್ಟಿಗೆಗೆ ಹತ್ತಿರದ ಕಂದು. ಒಳಗೆಲ್ಲ ಬೂದು ಹಸಿರು, ನಡುವೆ ಈ ಕೆಂಗಂದು ಸೀಟು, ಅದರ ಬೆನ್ನಿಗೆ ಕಪ್ಪು ಚರ್ಮದ ದಿಂಬು. ಇದಿಷ್ಟು ಗಾಜಿನ ಹೊರಗಿಂದಲೂ ಕಾಣುತ್ತದೆ. ಉಪಕರಣ ಫಲಕ ಕಪ್ಪು. ಅದರ ಮುಳ್ಳುಗಳಿಗೆ ಕಿಟ್‌ನ ಡೀಕಲ್ (ನೀರಿನಲ್ಲಿ ಅದ್ದಿ ಅಂಟಿಸುವ ಚಿತ್ರ) ಹಾಕಿ, ಇಲ್ಲವಾದರೆ ಒಣ ಬ್ರಷ್ಷಿನಲ್ಲಿ ತಿಳಿ ಬೂದು ಸವರಿ.

ಬೆಲ್ಟ್‌ಗೆ ಮಾಸ್ಕಿಂಗ್ ಟೇಪ್ ಸಾಕು. ಗಾಜಿನ ಮೇಲೆ ಟೇಪ್ ಅಂಟಿಸಿ, ಉಕ್ಕಿನ ಸ್ಕೇಲ್ ಇಟ್ಟು 0.7 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ. ಟೇಪಿನ ಬಣ್ಣವೇ ಕ್ಯಾನ್‌ವಾಸ್ ಬಣ್ಣ. ಪಟ್ಟಿಯ ಮೇಲೆ ಚೂಪಾದ ಪೆನ್ಸಿಲ್‌ನಿಂದ ಸಣ್ಣ ಚುಕ್ಕೆಗಳನ್ನಿಡಿ, ಬೆಲ್ಟಿನ ತೂತುಗಳು ಆಯಿತು. ಭುಜದ ಎರಡು, ಸೊಂಟದ ಎರಡು. ಸೀಟಿನ ಮೇಲೆ ಸುಮ್ನೆ ಎಸೆದಂತೆ ಬಿಡಿ, ಇಸ್ತ್ರಿ ಹಾಕಿದಂತೆ ಬೇಡ.

ಪೈಲಟ್ ಹತ್ತುವ ಚಿಕ್ಕ ಬಾಗಿಲು ಎಡಗಡೆ ಇದೆ. ಇದನ್ನು ನೆನಪಿಡಿ, ಮುಂದೆ ಬಣ್ಣ ಸವೆದಂತೆ ತೋರಿಸುವ ಸವಕಳಿ ಮಾಡುವಾಗ ಬೇಕಾಗುತ್ತದೆ.

ಮೈ, ರೆಕ್ಕೆ, ಬಾಲ

ಎಕ್ಸ್‌ಟ್ರಾ ಥಿನ್ ಸಿಮೆಂಟ್ ಅಂಟಲ್ಲ, ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಹಾಗಾಗಿ ಹಚ್ಚಿ ಜೋಡಿಸುವುದಲ್ಲ, ಜೋಡಿಸಿ ಹಚ್ಚುವುದು. ಎರಡು ಅರ್ಧಗಳನ್ನು ಹಿಡಿದು, ಬ್ರಷ್ಷಿನ ತುದಿಯನ್ನು ಸಂದಿಗೆ ತಾಕಿಸಿ. ದ್ರವ ತಾನೇ ಓಡಿಹೋಗುತ್ತದೆ. ಹತ್ತು ಎಣಿಸಿ ಒಂಚೂರು ಒತ್ತಿ. ಸಂದಿಯಿಂದ ಕರಗಿದ ಪ್ಲಾಸ್ಟಿಕ್ ದಾರದಷ್ಟು ಉಬ್ಬಿ ಹೊರಬರಬೇಕು. ಆ ಉಬ್ಬು ಒಳ್ಳೆಯದು. ಒಣಗಿದ ಮೇಲೆ ಉಜ್ಜಿದರೆ ಸಂದಿ ಇತ್ತು ಅನ್ನುವುದೇ ಗೊತ್ತಾಗುವುದಿಲ್ಲ. ಆದರೆ ಬೆರಳು ಸಂದಿಯ ಮೇಲೆ ಇರಬಾರದು. ಬೆರಳಿನ ಕೆಳಗೆ ದ್ರವ ನುಗ್ಗಿದರೆ ನಿಮ್ಮ ಬೆರಳಚ್ಚು ವಿಮಾನದ ಮೇಲೆ ಶಾಶ್ವತ.

ಸ್ಪಿಟ್‌ಫೈರ್‌ನ ಚೆಲುವೆಲ್ಲ ಅದರ ರೆಕ್ಕೆಯಲ್ಲಿದೆ. ಮುಂದಿನಿಂದ ನೋಡಿದರೆ ಎರಡೂ ರೆಕ್ಕೆ 6 ಡಿಗ್ರಿಯಷ್ಟು ಮೇಲಕ್ಕೆ ಎದ್ದಿರಬೇಕು. ಮಾಡೆಲ್‌ನಲ್ಲಿ ಇದು ಚಪ್ಪಟೆಯಾದರೆ ಬಣ್ಣ ಎಷ್ಟು ಚೆನ್ನಾಗಿದ್ದರೂ ಸ್ಪಿಟ್‌ಫೈರ್ ಅನ್ನಿಸುವುದಿಲ್ಲ. ರೆಕ್ಕೆ ಅಂಟಿಸಿದ ಕೂಡಲೇ ಒಂದು ತುದಿಯಿಂದ ಇನ್ನೊಂದು ತುದಿಗೆ ಕಾಕ್‌ಪಿಟ್ ಮೇಲಿಂದ ಟೇಪ್ ಎಳೆದು ಕಟ್ಟಿ. ಮುಂದೆ ನಿಂತು ನೋಡಿ, ಎರಡೂ ಕಡೆ ಸಮ ಇದೆಯಾ? ಬಾಲದ ಅಡ್ಡರೆಕ್ಕೆ ನೆಲಕ್ಕೆ ಸಮಾನಾಂತರ ಇದೆಯಾ? ಇಡೀ ರಾತ್ರಿ ಹಾಗೇ ಬಿಡಿ.

ರೆಕ್ಕೆಯ ಕೆಳಗೆ ಎರಡು ಭಾಗ ಬರುತ್ತವೆ, ಅವು ಒಂದೇ ಥರ ಇಲ್ಲ. ಬಲರೆಕ್ಕೆಯ ಕೆಳಗೆ ಅಗಲದ ರೇಡಿಯೇಟರ್. ಎಡರೆಕ್ಕೆಯ ಕೆಳಗೆ ಸಣ್ಣ ಆಯಿಲ್ ಕೂಲರ್. ವಿಮಾನವನ್ನು ತಿರುಗಿಸಿ ಹಿಡಿದಾಗ ಎಡಬಲ ಅದಲುಬದಲಾಗಿ ಕಾಣುತ್ತದೆ, ಅಂಟಿಸುವ ಮುಂಚೆ ಎರಡು ಸಲ ನೋಡಿ. ಇನ್ನು ಫ್ಲಾಪ್, ಅಂದರೆ ವಿಮಾನ ಇಳಿಯುವಾಗ ಕೆಳಕ್ಕೆ ಬಾಗುವ ರೆಕ್ಕೆಯ ಹಿಂಭಾಗದ ತಟ್ಟೆ. ನೆಲದ ಮೇಲೆ ನಿಂತ ಸ್ಪಿಟ್‌ಫೈರ್‌ನ ಫ್ಲಾಪ್ ಮೇಲಕ್ಕೇ ಇರುತ್ತಿತ್ತು, ಇಳಿದ ಕೂಡಲೇ ಪೈಲಟ್ ಎತ್ತಿಬಿಡಬೇಕಿತ್ತು. ಆದ್ದರಿಂದ ಫ್ಲಾಪ್ ಇಳಿಸಿ ತೋರಿಸುವ ಆಸೆ ಬಿಡಿ.

ರೆಕ್ಕೆ ಮೈಗೆ ಸೇರುವಲ್ಲಿ ಕೂದಲೆಳೆ ಸಂದಿ ಬಂದರೆ ಪುಟ್ಟಿ ತುಂಬಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಡ್ಸ್‌ನಿಂದ ಒರೆಸಿ. ಇದಕ್ಕೆ ನೀರು ಬೆರೆಸುವ ಅಕ್ರಿಲಿಕ್ ಪುಟ್ಟಿಯೇ ಆಗಬೇಕು. ಹಾಗೆ ಮಾಡಿದರೆ ಉಜ್ಜುವ ಕೆಲಸವೇ ಇಲ್ಲ, ಸುತ್ತ ಮೇಲ್ಮೈಯಲ್ಲಿ ಕೊರೆದ ಗೆರೆಗಳೂ ಉಳಿಯುತ್ತವೆ. ಈ ಆಲ್ಕೊಹಾಲ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಅದರ ಬದಲು ನೇಲ್ ಪಾಲಿಶ್ ರಿಮೂವರ್ ಹಾಕಲು ಹೋಗಬೇಡಿ, ಅದರಲ್ಲಿರುವ ಅಸಿಟೋನ್ ರೆಕ್ಕೆಯನ್ನೇ ಕರಗಿಸುತ್ತದೆ.

ಕ್ಯಾನೊಪಿ

ನನ್ನ ಮೊದಲ ಸ್ಪಿಟ್‌ಫೈರ್ ಇನ್ನೂ ಶೋಕೇಸಿನಲ್ಲಿದೆ. ಅದರ ಗಾಜು ಮಂಜು ಹಿಡಿದಂತೆ ಬೆಳ್ಳಗಿದೆ. ಅವಸರಕ್ಕೆ ಸೂಪರ್ ಗ್ಲೂ ಹಾಕಿದ್ದೆ. ಅದರ ಆವಿ ಒಳಗಿನಿಂದ ಗಾಜಿನ ಮೇಲೆ ಕೂತುಬಿಟ್ಟಿತು. ಮೂರು ವಾರದ ಕೆಲಸ, ಒಂದು ಹನಿಯಲ್ಲಿ ಹೋಯಿತು. ಅವತ್ತಿಂದ ಗಾಜಿಗೆ ಬಿಳಿ ಫೆವಿಕಾಲ್ ಬಿಟ್ಟು ಬೇರೆ ಮುಟ್ಟಿಲ್ಲ. ಟೂತ್‌ಪಿಕ್ ತುದಿಯಲ್ಲಿ ತೆಳ್ಳಗೆ ಹಚ್ಚಿ ಕೂರಿಸಿ, ಹೊರಬಂದದ್ದನ್ನು ಒದ್ದೆ ಬಡ್ಸ್‌ನಿಂದ ಒರೆಸಿ. ಒಣಗಿದರೆ ಪಾರದರ್ಶಕ.

ಗಾಜಿನ ಚೌಕಟ್ಟಿಗೆ ಬಣ್ಣ ಬರಬೇಕು, ಗಾಜಿಗೆ ಬರಬಾರದು. ಟಾಮಿಯಾ ಮಾಸ್ಕಿಂಗ್ ಟೇಪನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಮೊದಲು ಅಂಚುಗಳಿಗೆ ಅಂಟಿಸಿ, ನಡುವಿನ ಜಾಗ ಆಮೇಲೆ ತುಂಬಿ. ಹಾರ್ಡ್‌ವೇರ್ ಅಂಗಡಿಯ ಟೇಪ್ ಬಳಸುವುದಾದರೆ ಮೊದಲು ಅಂಗೈಗೆ ನಾಲ್ಕು ಸಲ ಅಂಟಿಸಿ ಕಿತ್ತು ಅದರ ಜಿಗುಟು ಇಳಿಸಿ. ಚೌಕಟ್ಟಿಗೆ ಮೊದಲ ಕೋಟ್ ಒಳಗಿನ ಬೂದು ಹಸಿರು, ಅದರ ಮೇಲೆ ಹೊರಗಿನ ಬಣ್ಣ. ಆಗ ಒಳಗಿಂದ ಇಣುಕಿದರೂ ಸರಿಯಾದ ಬಣ್ಣವೇ ಕಾಣುತ್ತದೆ.

ಪ್ರೈಮರ್

ಬೂದು ಪ್ರೈಮರ್ ಒಂದು ತೆಳು ಕೋಟ್. ಇದು ಬಣ್ಣ ಹಿಡಿಯಲಿ ಅಂತ ಮಾತ್ರವಲ್ಲ, ತಪ್ಪು ತೋರಿಸಲಿ ಅಂತ ಕೂಡ. ಬರಿಗಣ್ಣಿಗೆ ಕಾಣದ ಸಂದಿ, ಗೀರು ಎಲ್ಲ ಪ್ರೈಮರ್ ಬಿದ್ದ ಕೂಡಲೇ ಎದ್ದು ಬರುತ್ತದೆ. ಸರಿ ಮಾಡಿ, ಮತ್ತೆ ಹೊಡೆಯಿರಿ. ಸ್ಪ್ರೇ ಡಬ್ಬಿ ಬಳಸುವವರು ಅದನ್ನು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ, ಹನಿ ಸಣ್ಣಗೆ ಬರುತ್ತದೆ. ಕುದಿಯುವ ನೀರು ಬೇಡವೇ ಬೇಡ, ಡಬ್ಬಿ ಸಿಡಿಯುತ್ತದೆ. ಕಿಟಕಿ ತೆರೆದಿರಲಿ, ಮೂಗಿಗೆ ಮಾಸ್ಕ್ ಇರಲಿ, ಮಕ್ಕಳು ಪಕ್ಕದಲ್ಲಿ ಇರದಿರಲಿ.

ಮಳೆಗಾಲದ ವಿಷಯ ಇಲ್ಲಿ ಹೇಳಲೇಬೇಕು. ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಲ್ಯಾಕರ್ ಬಣ್ಣ, ವಾರ್ನಿಶ್ ಅಂಥ ಹವೆಯಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುವುದೇ ಕಾರಣ. ಮಳೆ ಬಿಟ್ಟ ಮಧ್ಯಾಹ್ನ ನೋಡಿ ಹೊಡೆಯಿರಿ. ಜೋಡಿಸುವ ಕೆಲಸ ಮಳೆಗಾಲಕ್ಕೆ, ಬಣ್ಣದ ಕೆಲಸ ದೀಪಾವಳಿ ಕಳೆದ ಮೇಲೆ. ನಾನು ಹೀಗೆ ಭಾಗ ಮಾಡಿಕೊಂಡಿದ್ದೇನೆ.

ಬಣ್ಣ

ತಿಳಿ ಬಣ್ಣ ಮೊದಲು, ಕಡು ಬಣ್ಣ ಆಮೇಲೆ. ಹಳದಿಯಿಂದ ಶುರು ಮಾಡಿ. ರೆಕ್ಕೆಯ ಮುಂದಂಚಿನಲ್ಲಿ, ಹೊರಗೆ ಚಾಚಿದ ಫಿರಂಗಿಯ ಆಚೆಯಿಂದ ರೆಕ್ಕೆ ತುದಿಯವರೆಗೆ, ಒಂದು ತೆಳು ಹಳದಿ ಪಟ್ಟಿ ಇದೆ. ಎದುರಿನಿಂದ ಬರುವ ತಮ್ಮವರ ವಿಮಾನ ಗುರುತಿಸಲು ಅದು. ಹಳದಿ ತಾನಾಗಿ ಎದ್ದು ಕಾಣುವುದಿಲ್ಲ, ಕೆಳಗೆ ಬಿಳಿ ಕೋಟ್ ಕೊಡಿ. ಆಮೇಲೆ ಬಾಲದ ಮುಂದೆ ಮೈಸುತ್ತ ಸ್ಕೈ ಬಣ್ಣದ ಪಟ್ಟಿ. ನಿಜ ವಿಮಾನದಲ್ಲಿ ಇದು 18 ಇಂಚು, ಅಂದರೆ ನಮಗೆ 6.35 ಮಿ.ಮೀ. ಟಾಮಿಯಾದ 6 ಮಿ.ಮೀ. ಟೇಪ್ ಹೆಚ್ಚುಕಮ್ಮಿ ಅಷ್ಟೇ ಅಗಲ, ಅದನ್ನೇ ಸುತ್ತಿ ಮುಚ್ಚಿದರೆ ಆಯಿತು. ಮೂಗಿನ ತುದಿಯ ಸ್ಪಿನ್ನರ್ ಕೂಡ ಸ್ಕೈ, ಅದನ್ನು ಬಿಡಿಯಾಗಿಯೇ ಬಣ್ಣ ಮಾಡಿ.

ಈಗ ಹೊಟ್ಟೆಗೆ ಮೀಡಿಯಂ ಸೀ ಗ್ರೇ. ಏರ್‌ಬ್ರಷ್ ಇದ್ದರೆ ಬಣ್ಣಕ್ಕೆ ಸಮ ಪಾಲು ಥಿನ್ನರ್, 15ರಿಂದ 20 ಪಿಎಸ್‌ಐ ಒತ್ತಡ. ಕೆನೆ ತೆಗೆದ ಹಾಲಿನಷ್ಟು ತೆಳು ಇರಬೇಕು. ಕಪ್ಪಿನ ಗೋಡೆಗೆ ತಾಗಿಸಿದರೆ ತೆಳ್ಳಗೆ ಹರಿದು ಇಳಿಯಬೇಕು. ಕೈಬ್ರಷ್‌ನವರು ಅಗಲದ ಮೆತ್ತನೆ ಬ್ರಷ್ ಹಿಡಿದು ಮೂರ್ನಾಲ್ಕು ತೆಳು ಕೋಟ್ ಹಚ್ಚಿ. ಮೊದಲ ಕೋಟ್ ನೋಡಲು ಅಸಹ್ಯವಾಗಿರುತ್ತದೆ, ಗಾಬರಿ ಬೇಡ. ಗಾಳಿ ಹರಿಯುವ ದಿಕ್ಕಿನಲ್ಲಿ, ಅಂದರೆ ಮೂಗಿನಿಂದ ಬಾಲದ ಕಡೆಗೆ ಎಳೆಯಿರಿ.

ಹೊಟ್ಟೆ ಪೂರ್ತಿ ಒಣಗಿದ ಮೇಲೆ ಅದನ್ನು ಮುಚ್ಚಿ, ಮೇಲ್ಮೈಗೆಲ್ಲ ಓಷನ್ ಗ್ರೇ. ಅದರ ಮೇಲೆ ಹಸಿರು ತೇಪೆಗಳು. ತೇಪೆಯ ಆಕಾರ ಕಿಟ್‌ನ ಕಾಗದದಲ್ಲಿದೆ, ಅದನ್ನು ಮಾಡೆಲ್‌ನ ಅಳತೆಗೆ ಜೆರಾಕ್ಸ್ ಮಾಡಿಸಿ. ಬ್ಲೂ ಟ್ಯಾಕನ್ನು ಶ್ಯಾವಿಗೆಯಂತೆ ಹೊಸೆದು, ಬೂದು ಉಳಿಯಬೇಕಾದ ಜಾಗದ ಗಡಿಗೆ ಇಡಿ. ಒಳಗಿನ ಜಾಗ ಟೇಪ್‌ನಿಂದ ಮುಚ್ಚಿ. ಹಸಿರನ್ನು ನೇರ ಮೇಲಿನಿಂದ ಹೊಡೆಯಿರಿ, ಓರೆಯಿಂದ ಬೇಡ.

ಕೈಬ್ರಷ್‌ನವರಿಗೆ ಇಲ್ಲೊಂದು ಸಮಾಧಾನ ಇದೆ. ನಿಜ ವಿಮಾನದಲ್ಲಿ ಎರಡು ಬಣ್ಣದ ನಡುವಿನ ಅಂಚು ಒಂದು ಇಂಚು ಮಸುಕಾಗಿತ್ತು ಅಂತಲೇ ಇಟ್ಟುಕೊಳ್ಳಿ. ನಮ್ಮ ಅಳತೆಯಲ್ಲಿ ಅದು 0.35 ಮಿ.ಮೀ. ಕಣ್ಣಿಗೆ ಅದು ನೇರ ಗೆರೆಯಂತೆಯೇ ಕಾಣುತ್ತದೆ. ಹಾಗಾಗಿ ಬ್ರಷ್ಷಿನಲ್ಲಿ ನಿಧಾನವಾಗಿ ಎಳೆದ ಗಡಿ ತಪ್ಪಲ್ಲ.

ಬಣ್ಣಕ್ಕೆ ಒಂದು ಹನಿ ಬಿಳಿ ಬೆರೆಸಿಕೊಳ್ಳುವುದು ನನ್ನ ರೂಢಿ. ಚಿಕ್ಕ ವಸ್ತುವಿನ ಮೇಲೆ ಕಡು ಬಣ್ಣ ಇನ್ನೂ ಕಡುವಾಗಿ ಕಾಣುತ್ತದೆ. ಆ ಹಸಿರು ಡಬ್ಬಿಯಿಂದ ಹಾಗೇ ಹಚ್ಚಿದರೆ ಕಪ್ಪಿಗೆ ತಿರುಗಿದಂತಿರುತ್ತದೆ.

ಡೀಕಲ್

ಮ್ಯಾಟ್ ಬಣ್ಣದ ಮೇಲೆ ನೇರ ಡೀಕಲ್ ಹಾಕಿದರೆ ಅದರ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ. ಅದಕ್ಕೇ ಮೊದಲು ಹೊಳಪಿನ ವಾರ್ನಿಶ್, ಟಾಮಿಯಾದಲ್ಲಿ ಎಕ್ಸ್-22. ಒಂದು ಇಡೀ ದಿನ ಒಣಗಲಿ.

ಕಿಟ್‌ನಲ್ಲಿ ಮೈಸೂರು ಸ್ಕ್ವಾಡ್ರನ್ನಿನ ಗುರುತು ಇರುವುದಿಲ್ಲ. ಅದರ ಅಕ್ಷರ ಇಂಗ್ಲಿಷಿನ ಡಿವಿ (DV). ಮೈಯ ಬದಿಯಲ್ಲಿ ವೃತ್ತದ ಒಂದು ಪಕ್ಕ ಈ ಎರಡು, ಇನ್ನೊಂದು ಪಕ್ಕ ಆ ಒಂದು ವಿಮಾನದ ಸ್ವಂತ ಅಕ್ಷರ. ಎಲ್ಲ ಸ್ಕೈ ಬಣ್ಣ. ಬಿಡಿ ಅಕ್ಷರಗಳ ಹಾಳೆಯನ್ನು ಎಕ್ಸ್‌ಟ್ರಾಡೀಕಲ್‌ನವರು ಮಾಡುತ್ತಾರೆ. 24 ಇಂಚಿನ ಅಕ್ಷರ ತಗೊಳ್ಳಿ, ಮಾಡೆಲ್‌ನಲ್ಲಿ ಸುಮಾರು 8.5 ಮಿ.ಮೀ. ಎತ್ತರ ಬರುತ್ತದೆ. ಬಾಲದ ಹತ್ತಿರದ ಸೀರಿಯಲ್ ನಂಬರ್ ಊಹಿಸಿ ಹಾಕಬೇಡಿ. ಆ ಕಾಲದ ಒಂದು ಫೋಟೋ ಹುಡುಕಿ, ಅದರಲ್ಲಿರುವ ಅಕ್ಷರ ಮತ್ತು ನಂಬರನ್ನೇ ಹಾಕಿ. ಒಂದೊಂದು ನಂಬರಿನ ಹಿಂದೆಯೂ ಅದನ್ನು ಹಾರಿಸಿದ ಮನುಷ್ಯ ಇದ್ದ ಅಲ್ವಾ?

ಮೈಮೇಲಿನ ವೃತ್ತ ಹೊರಗಿನಿಂದ ಒಳಕ್ಕೆ ತೆಳು ಹಳದಿ, ನೀಲಿ, ತೆಳು ಬಿಳಿ, ಕೆಂಪು. ನಿಜದಲ್ಲಿ 36 ಇಂಚು, ನಮಗೆ 12.7 ಮಿ.ಮೀ. ರೆಕ್ಕೆಯ ಮೇಲೆ ಬಿಳಿಯೇ ಇಲ್ಲ, ನೀಲಿಯ ಒಳಗೆ ಕೆಂಪು ಮಾತ್ರ. ರೆಕ್ಕೆಯ ಕೆಳಗೆ ಹಳದಿ ಇಲ್ಲ. ಕಿಟ್‌ನ ಹಾಳೆಯಲ್ಲಿ ಹಳೆಯ, ಅಗಲ ಉಂಗುರದ ವೃತ್ತ ಇದ್ದರೆ ಅದು 1942ರ ಆಗಸ್ಟ್‌ಗೆ ಹೊಂದುವುದಿಲ್ಲ.

ಹಾಕುವ ಕ್ರಮ ಸುಲಭ. ಬೆಚ್ಚಗಿನ ನೀರಿನಲ್ಲಿ 15 ಸೆಕೆಂಡ್ ಅದ್ದಿ, ತೆಗೆದು ಟಿಶ್ಯೂ ಮೇಲೆ ಒಂದು ನಿಮಿಷ ಬಿಡಿ. ಹಾಕುವ ಜಾಗಕ್ಕೆ ಡೀಕಲ್ ಕೂರಿಸುವ ದ್ರವ ಮೈಕ್ರೋ ಸೆಟ್ ಸವರಿ, ಕಾಗದದಿಂದ ಜಾರಿಸಿ ಕೂರಿಸಿ. ಬಡ್ಸ್ ಅನ್ನು ನಡುವಿನಿಂದ ಹೊರಕ್ಕೆ ಉರುಳಿಸಿ ನೀರು ತೆಗೆಯಿರಿ. ಕೊನೆಗೆ ಡೀಕಲ್ ಮೆತ್ತಗಾಗಿಸುವ ದ್ರವ ಮೈಕ್ರೋ ಸಾಲ್. ಇದು ಬಿದ್ದ ಕೂಡಲೇ ಡೀಕಲ್ ಹಪ್ಪಳದಂತೆ ಸುಕ್ಕುಗಟ್ಟುತ್ತದೆ. ಆಗ ಮುಟ್ಟಬೇಡಿ. ಮುಟ್ಟಿದರೆ ಹರಿಯುತ್ತದೆ. ಅರ್ಧ ಗಂಟೆಯಲ್ಲಿ ತಾನೇ ನೇರವಾಗಿ, ಕೆಳಗಿನ ಗೆರೆಗಳಿಗೆಲ್ಲ ಅಂಟಿಕೊಂಡು, ಬಣ್ಣ ಬಳಿದಂತೆ ಕಾಣುತ್ತದೆ.

ಹಳದಿ ಪಟ್ಟಿಯ ಮೇಲೆ ನಾಲ್ಕು ಚಿಕ್ಕ ಕೆಂಪು ತೇಪೆಗಳನ್ನು ಮರೆಯಬೇಡಿ. ಅವು ನಾಲ್ಕು ಬ್ರೌನಿಂಗ್ ಮಷಿನ್ ಗನ್‌ಗಳ ಬಾಯಿಗೆ ಅಂಟಿಸಿದ ಬಟ್ಟೆ. ಒಳಗೆ ತೇವ, ಧೂಳು ಹೋಗದಿರಲಿ ಅಂತ. ಗುಂಡು ಹಾರಿದರೆ ಹರಿದುಹೋಗುತ್ತಿತ್ತು.

ವಾಶ್ ಮತ್ತು ಸವಕಳಿ

ಡೀಕಲ್ ಮೇಲೆ ಇನ್ನೊಂದು ಹೊಳಪಿನ ಕೋಟ್ ಕೊಟ್ಟು ವಾಶ್ ಮಾಡಿ, ಅಂದರೆ ಕೊರೆದ ಗೆರೆಗಳಿಗೆ ತೆಳು ಕಡು ಬಣ್ಣ ಹರಿಸಿ. ಕಲಾವಿದರ ಆಯಿಲ್ ಪೇಂಟ್‌ನಲ್ಲಿ ಕಡು ಕಂದು ಮತ್ತು ಕಪ್ಪು ಸ್ವಲ್ಪ ಸ್ವಲ್ಪ ತಗೊಂಡು ಟರ್ಪೆಂಟೈನ್‌ನಲ್ಲಿ ಚಹಾದಷ್ಟು ತೆಳು ಮಾಡಿ. ತೆಳು ಬ್ರಷ್ಷಿನ ತುದಿಯನ್ನು ಗೆರೆಗೆ ತಾಕಿಸಿದರೆ ಗೆರೆಯಲ್ಲೇ ಹರಿದುಹೋಗುತ್ತದೆ. ಅರ್ಧ ಗಂಟೆ ಬಿಟ್ಟು, ಮೆತ್ತನೆ ಬಟ್ಟೆಯಿಂದ ಗಾಳಿಯ ದಿಕ್ಕಿನಲ್ಲಿ ಒರೆಸಿ. ಹೊಳಪಿನ ಕೋಟ್ ಅಕ್ರಿಲಿಕ್ ಆಗಿರಲೇಬೇಕು, ಎನಾಮಲ್ ಆಗಿದ್ದರೆ ಟರ್ಪೆಂಟೈನ್ ಅದನ್ನೂ ಎಬ್ಬಿಸುತ್ತದೆ.

ಸವಕಳಿಯಲ್ಲೇ ಬಹಳ ಜನ ಎಡವುವುದು. ಇಡೀ ವಿಮಾನಕ್ಕೆ ಬೆಳ್ಳಿ ಚುಕ್ಕೆ ಹೊಡೆದುಬಿಡುತ್ತಾರೆ. ಬ್ರಷ್ ಎತ್ತುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಬಣ್ಣದ ಕೆಳಗೆ ಏನಿದೆ? ಮೈ ಮತ್ತು ರೆಕ್ಕೆ ಅಲ್ಯೂಮಿನಿಯಂ. ಅಲ್ಲಿ ಬಣ್ಣ ಎದ್ದರೆ ಬೆಳ್ಳಿ ಕಾಣುವುದು ಸರಿ. ಬಾಲದ ನೇರ ಚುಕ್ಕಾಣಿ ಮತ್ತು ಅಡ್ಡರೆಕ್ಕೆಯ ಹಿಂದಿನ ಅಲ್ಲಾಡುವ ಭಾಗಗಳಿಗೆ ಹೊದಿಸಿದ್ದು ಬಟ್ಟೆ. ಬಟ್ಟೆಯಿಂದ ಬೆಳ್ಳಿ ಹೇಗೆ ಬರುತ್ತದೆ? ಪ್ರೊಪೆಲರ್ ಎರಡು ಬಗೆಯದಿತ್ತು, ಲೋಹದ್ದು ಮತ್ತು ಮರದ್ದು. ಫೋಟೋದಲ್ಲಿ ಮರದ್ದು ಇದ್ದರೆ ಅದರ ಮೇಲೂ ಬೆಳ್ಳಿ ಗೀರು ಹಾಕುವಂತಿಲ್ಲ.

ಮುಂದಿನ ಪ್ರಶ್ನೆ: ಇಲ್ಲಿ ಯಾರ ಕೈಕಾಲು ಬೀಳುತ್ತಿತ್ತು? ಎಡರೆಕ್ಕೆಯ ಬುಡದಲ್ಲಿ ಪೈಲಟ್ ಬೂಟು ಕಾಲಿಟ್ಟು ಹತ್ತುತ್ತಿದ್ದ. ಅಲ್ಲಿ ಸವಕಳಿ ಜಾಸ್ತಿ ಇರಲಿ. ಬಂದೂಕಿಗೆ ಗುಂಡು ತುಂಬುವ ಮುಚ್ಚಳಗಳ ಅಂಚು, ಎಂಜಿನ್ ಕವಚದ ತಿರುಪುಗಳ ಸುತ್ತ ಸ್ವಲ್ಪ. ರೆಕ್ಕೆ ತುದಿಯಲ್ಲಿ ಏನೂ ಬೇಡ.

ಇದಕ್ಕೆ ಪ್ಯಾಕಿಂಗ್ ಸ್ಪಂಜಿನ ಕಡಲೆಕಾಳಿನಷ್ಟು ಚೂರು ಹರಿದು ಚಿಮಟದಲ್ಲಿ ಹಿಡಿಯಿರಿ. ಅಲ್ಯೂಮಿನಿಯಂ ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಒತ್ತಿ ಬಹುತೇಕ ಖಾಲಿ ಮಾಡಿ, ಆಮೇಲೆ ರೆಕ್ಕೆಯ ಬುಡಕ್ಕೆ ಮೆಲ್ಲಗೆ ತಾಕಿಸಿ. ಸಾಸಿವೆಗಿಂತ ಸಣ್ಣ ಚುಕ್ಕೆಗಳು ಅಡ್ಡಾದಿಡ್ಡಿ ಬೀಳುತ್ತವೆ. ಕೈಯಿಂದ ಬರೆದರೆ ಆ ಅಡ್ಡಾದಿಡ್ಡಿತನ ಬರುವುದೇ ಇಲ್ಲ. ಸಾಕು ಅನ್ನಿಸುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿ.

ಈಗ ಮ್ಯಾಟ್ ವಾರ್ನಿಶ್. ಅದು ಒಣಗಿದ ಮೇಲೆ ಹೊಗೆ. ಮಾರ್ಕ್ 5ರಲ್ಲಿ ಪ್ರತಿ ಬದಿಗೆ ಮೂರು ಹೊಗೆಕೊಳವೆ. ಅಲ್ಲಿಂದ ರೆಕ್ಕೆಯ ಬುಡದ ಮೇಲೆ ಹಿಂದಕ್ಕೆ ಮಸಿ ಹರಡಿರುತ್ತದೆ. ಸ್ಟೇಷನರಿ ಅಂಗಡಿಯ ಸಾಫ್ಟ್ ಪೇಸ್ಟಲ್ ಕಡ್ಡಿಯನ್ನು ಸ್ಯಾಂಡ್ ಪೇಪರ್ ಮೇಲೆ ಉಜ್ಜಿ ಪುಡಿ ಮಾಡಿ. ಮೊದಲು ಕಪ್ಪುಗಂದು, ಅದರ ನಡುವೆ ತೆಳ್ಳಗೆ ಬೂದು. ಒಣ ಬ್ರಷ್ಷಿನಲ್ಲಿ ಹಿಂದಕ್ಕೆ ಸವರಿ. ಕೊಳವೆಗಳಿಗೆ ತುಕ್ಕಿನ ಕಂದು.

ಕೊನೆಯ ಭಾಗಗಳು

ಚಕ್ರಗಳು, ಪ್ರೊಪೆಲರ್, ಫಿರಂಗಿಯ ನಳಿಗೆ ಎಲ್ಲ ಈಗ. ಪ್ರೊಪೆಲರ್ ಕಪ್ಪು, ತುದಿಗೆ ಹಳದಿ. ಚಕ್ರದ ಕೆಳಭಾಗ ಸ್ಯಾಂಡ್ ಪೇಪರ್ ಮೇಲೆ ಎರಡು ಸಲ ಎಳೆದು ಚೂರು ಚಪ್ಪಟೆ ಮಾಡಿ. ವಿಮಾನಕ್ಕೆ ತೂಕ ಬರುತ್ತದೆ.

ತಂತಿಯ ವಿಷಯದಲ್ಲಿ ಡಬ್ಬಿಯ ಚಿತ್ರ ಮಾತ್ರ ನೋಡಬೇಡಿ. ಹಳೆಯ ಸ್ಪಿಟ್‌ಫೈರ್‌ಗಳಲ್ಲಿ ಕಾಕ್‌ಪಿಟ್ ಹಿಂದಿನ ಕಂಬದಿಂದ ಬಾಲದ ತುದಿಗೆ ರೇಡಿಯೋ ತಂತಿ ಇತ್ತು. ಹೊಸ ವಿಎಚ್‌ಎಫ್ ರೇಡಿಯೋ ಬಂದ ಮೇಲೆ ಆ ತಂತಿ ಹೋಯಿತು, ಕಂಬ ಮಾತ್ರ ಉಳಿಯಿತು. ಆದರೆ ಮೈಯ ಎರಡೂ ಬದಿಯಿಂದ ಅಡ್ಡರೆಕ್ಕೆಯ ತುದಿಗಳಿಗೆ ತೆಳು ತಂತಿಗಳಿದ್ದವು. ಇದು ನಮ್ಮ ವಿಮಾನ ಅಂತ ರಾಡಾರಿಗೆ ಹೇಳುವ ಉಪಕರಣದ ತಂತಿ.

ಅದನ್ನು ಮಾಡುವುದು ನನಗೆ ಈ ಇಡೀ ಕೆಲಸದಲ್ಲೇ ಇಷ್ಟದ ಗಳಿಗೆ. ಉಳಿದ ಚೌಕಟ್ಟಿನ ಕಡ್ಡಿ ಒಂದು ಗೇಣು ತಗೊಳ್ಳಿ. ಮೇಣದಬತ್ತಿಯ ಉರಿಯಿಂದ ಎರಡು ಬೆರಳು ಮೇಲೆ ಹಿಡಿದು ನಿಧಾನ ತಿರುಗಿಸಿ. ಉರಿ ತಾಗಬಾರದು. ಸ್ವಲ್ಪ ಹೊತ್ತಿಗೆ ನಡುಭಾಗ ಹೊಳೆಯುತ್ತದೆ, ಆಮೇಲೆ ಬೆಲ್ಲದ ಪಾಕದಂತೆ ಜೋಲುತ್ತದೆ. ಆಗ ಉರಿಯಿಂದ ಆಚೆ ತನ್ನಿ, ಒಂದು ಎಣಿಸಿ, ಎರಡೂ ಕೈ ಒಂದೇ ಸಮ ಎಳೆಯಿರಿ. ತಲೆಗೂದಲಿಗಿಂತ ತೆಳು ಎಳೆ ಬರುತ್ತದೆ. ಬೇಗ ಎಳೆದರೆ ತೆಳು, ನಿಧಾನ ಎಳೆದರೆ ದಪ್ಪ. ಅಳತೆಗೆ ಕತ್ತರಿಸಿ, ಫೆವಿಕಾಲ್ ಚುಕ್ಕೆಯಿಂದ ಎರಡೂ ತುದಿ ಕೂರಿಸಿ.

ಕೊನೆಗೆ ಕ್ಯಾನೊಪಿಯ ಟೇಪ್ ತೆಗೆಯಿರಿ. ಟೂತ್‌ಪಿಕ್‌ನಿಂದ ಅಂಚು ಎತ್ತಿ, ಓರೆಯಾಗಿ ಮೆಲ್ಲಗೆ ಎಳೆಯಿರಿ. ಒಳಗಿನ ಕೆಂಗಂದು ಸೀಟು ಕಾಣುತ್ತದೆ.

ಪೀಠ

ಮೂಗಿನ ಮೇಲೆ ಒಂದು ಗಂಡಭೇರುಂಡ ಬರೆಯಬೇಕು ಅಂತ ಆಸೆ ಆಗೇ ಆಗುತ್ತದೆ. ನನಗೂ ಆಯಿತು. ನೀವು ಮಾಡುತ್ತಿರುವ ವಿಮಾನದ ಫೋಟೋದಲ್ಲಿ ಅದು ಕಾಣದಿದ್ದರೆ ದಯವಿಟ್ಟು ಬರೆಯಬೇಡಿ. ವಿಮಾನ ಆ ದಿನ ಹೇಗಿತ್ತೋ ಹಾಗೇ ಇರಲಿ. ಗಂಡಭೇರುಂಡಕ್ಕೆ ಬೇರೆ ಜಾಗ ಇದೆ.

ಬಡಗಿಯ ಹತ್ತಿರ 20 ಸೆಂ.ಮೀ. ಚೌಕದ ಒಂದು ತೇಗದ ಹಲಗೆ ಕೇಳಿ. ಹುಲ್ಲಿನ ನೆಲಕ್ಕೆ ಫೆವಿಕಾಲ್ ಬಳಿದು, ಜರಡಿ ಹಿಡಿದ ಒಣ ಮಣ್ಣು ಉದುರಿಸಿ, ಅದರ ಮೇಲೆ ಹಸಿರು ಬಣ್ಣ ಹಾಕಿದ ಮರದ ಹೊಟ್ಟು ಉದುರಿಸಿ. ಹಲಗೆಯ ಮುಂದಿನ ಅಂಚಿನಲ್ಲಿ ಎರಡು ಬೆರಳಗಲ ಮರ ಹಾಗೇ ಬಿಟ್ಟು ಪಾಲಿಶ್ ಮಾಡಿಸಿ. ಅಲ್ಲಿ ಎಡಕ್ಕೆ ಎರಡು ತಲೆಯ ಹಕ್ಕಿ, ಬಲಕ್ಕೆ ಕನ್ನಡದಲ್ಲಿ ಎರಡು ಸಾಲು: 129ನೇ ಮೈಸೂರು ಸ್ಕ್ವಾಡ್ರನ್, ಆಗಸ್ಟ್ 1942. ನನ್ನದರ ಮೇಲೆ ಅಕ್ಷರ ಬರೆದುಕೊಟ್ಟದ್ದು ನಮ್ಮ ಬೀದಿಯ ಬೋರ್ಡ್ ಬರೆಯುವವರು. ಮುಗಿಸಿದ ಮೇಲೆ ಅವರು ವಿಮಾನವನ್ನು ಬೆಳಕಿಗೆ ಎತ್ತಿ ಹಿಡಿದು, ರೆಕ್ಕೆಯ ಬುಡದ ಸವೆದ ಜಾಗ ತೋರಿಸಿ, "ಇಲ್ಲಿ ಕಾಲಿಟ್ಟು ಹತ್ತುತ್ತಿದ್ದರಾ?" ಅಂತ ಕೇಳಿದರು.